ದೊಡ್ಡ ಕಿಡ್ನಿ ಕಲ್ಲು, ಬೆನ್ನಲ್ಲೊಂದು ಸಣ್ಣ ರಂಧ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಿಡ್ನಿ ಕಲ್ಲಿನ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಶಸ್ತ್ರಚಿಕಿತ್ಸೆಯ ಸುತ್ತ ಇವೆ. ವೈದ್ಯರು ಚೀಟಿಯಲ್ಲಿ ‘ಪಿಸಿಎನ್‌ಎಲ್’ ಎಂದು ಬರೆಯುವುದು ಇದನ್ನೇ. ಬೆನ್ನಿನ ಚರ್ಮದಿಂದ ನೇರವಾಗಿ ಮೂತ್ರಪಿಂಡದೊಳಕ್ಕೆ ಕಿರುದಾರಿ ಮಾಡಿ, ಕಲ್ಲನ್ನು ಒಡೆದು ಹೊರತೆಗೆಯುವ ವಿಧಾನ. ಒಂದೇ ರೀತಿಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ತಂದೆಗೆ 58 ವರ್ಷ. ಎಡ ಕಿಡ್ನಿಯಲ್ಲಿ 28 ಮಿ.ಮೀ. ಕಲ್ಲು, ‘ಎಚ್‌ಯು 1250’ ಎಂದು ಸಿಟಿ ರಿಪೋರ್ಟಿನಲ್ಲಿದೆ. ಒಬ್ಬ ವೈದ್ಯರು ಬೆನ್ನಿನಿಂದ ತೆಗೆಯಬೇಕು ಅಂತಾರೆ, ಇನ್ನೊಬ್ಬರು ಮೂತ್ರದ ದಾರಿಯಲ್ಲೇ ಲೇಸರ್ ಬಿಟ್ಟರೆ ಸಾಕು ಅಂತಾರೆ. ಹೊರಗಿನಿಂದ ಶಾಕ್ ಕೊಟ್ಟು ಪುಡಿ ಮಾಡಲು ಆಗುವುದಿಲ್ಲವೇ? (ದಾವಣಗೆರೆ)

ಉತ್ತರ: ರಿಪೋರ್ಟಿನಲ್ಲಿ ನೋಡಬೇಕಾದದ್ದು ಮೂರು: ಗಾತ್ರ, ಗಟ್ಟಿತನ, ಕಲ್ಲು ಕೂತಿರುವ ಜಾಗ. ಎಚ್‌ಯು ಎನ್ನುವುದು ಗಟ್ಟಿತನದ ಅಂದಾಜು. ಯೂರಿಕ್ ಆಮ್ಲದ ಕಲ್ಲು ಸಾಮಾನ್ಯವಾಗಿ 500ರ ಒಳಗೆ ಇರುತ್ತದೆ. ಸಾವಿರ ದಾಟಿತೆಂದರೆ ಬಹುಮಟ್ಟಿಗೆ ಕ್ಯಾಲ್ಸಿಯಂ ಆಕ್ಸಲೇಟಿನ ಗಟ್ಟಿ ಕಲ್ಲು. ಶಾಕ್ ಚಿಕಿತ್ಸೆಗೆ (ಇದು ವಿದ್ಯುತ್ ಶಾಕ್ ಅಲ್ಲ, ಹೊರಗಿನಿಂದ ಕಲ್ಲಿನತ್ತ ಕಳಿಸುವ ಆಘಾತ ತರಂಗ) ಅದು ಸುಲಭವಾಗಿ ಬಗ್ಗುವುದಿಲ್ಲ. ಒಡೆದರೂ 28 ಮಿ.ಮೀ. ಕಲ್ಲಿನ ಚೂರುಗಳೆಲ್ಲ ಮೂರ್ನಾಲ್ಕು ಮಿ.ಮೀ. ಅಗಲದ ಮೂತ್ರನಾಳದಲ್ಲೇ ಇಳಿಯಬೇಕು. ಲಾರಿಯಿಂದ ಸುರಿದ ಜಲ್ಲಿಯ ಹಾಗೆ ಅವು ನಾಳದಲ್ಲಿ ಸಾಲಾಗಿ ಸಿಕ್ಕಿಕೊಂಡರೆ, ಅದನ್ನು ತೆಗೆಯಲು ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಆದ್ದರಿಂದ ಶಾಕ್ ಇಲ್ಲಿ ಬೇಡ.

ಮೂತ್ರದ ದಾರಿಯಿಂದ ಬಾಗುವ ದುರ್ಬೀನು ಕಳಿಸಿ ಲೇಸರಿನಲ್ಲಿ ಪುಡಿ ಮಾಡುವುದು, ಅಂದರೆ ಆರ್‌ಐಆರ್‌ಎಸ್, ಒಳ್ಳೆಯ ವಿಧಾನವೇ. 1ರಿಂದ 2 ಸೆಂ.ಮೀ. ಕಲ್ಲಿಗೆ ಅದು ಹೇಳಿ ಮಾಡಿಸಿದ್ದು. ಆದರೆ ಗಾತ್ರದ ಲೆಕ್ಕ ಮೋಸ ಮಾಡುತ್ತದೆ. ಕಲ್ಲು ಉರುಟಾಗಿದೆ ಎಂದುಕೊಂಡರೆ 28 ಮಿ.ಮೀ. ಕಲ್ಲಿನಲ್ಲಿರುವ ಸರಕು 10 ಮಿ.ಮೀ. ಕಲ್ಲಿನ ಎರಡೂ ಮುಕ್ಕಾಲು ಪಟ್ಟಲ್ಲ, ಸುಮಾರು 22 ಪಟ್ಟು. ಅಷ್ಟನ್ನೂ ಕೂದಲೆಳೆಯಷ್ಟು ತೆಳುವಾದ ಲೇಸರ್ ತಂತುವಿನಿಂದ ಪುಡಿ ಮಾಡಲು ಎರಡು ಸಲವಾದರೂ ಮಲಗಬೇಕಾದೀತು. ಅದಕ್ಕೇ 2 ಸೆಂ.ಮೀ. ದಾಟಿದ ಕಲ್ಲಿಗೆ ಪಿಸಿಎನ್‌ಎಲ್ ಮೊದಲ ಆಯ್ಕೆ ಎಂಬುದು ಜಗತ್ತಿನ ಬಹುತೇಕ ಮಾರ್ಗಸೂಚಿಗಳ ಮಾತು. ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಲಾಗದವರು, ರಕ್ತ ಹೆಪ್ಪುಗಟ್ಟದ ತೊಂದರೆ ಇರುವವರು, ಇಂಥವರಿಗೆ ಮಾತ್ರ ದೊಡ್ಡ ಕಲ್ಲಿದ್ದರೂ ಮೂತ್ರದ ದಾರಿಯೇ ಲೇಸು. ನಿಮ್ಮ ತಂದೆಗೆ ಇವು ಯಾವುವೂ ಇಲ್ಲದಿದ್ದರೆ ಮೊದಲನೆಯ ವೈದ್ಯರ ಮಾತು ಸರಿ.

ಪ್ರಶ್ನೆ: ಥಿಯೇಟರಿನೊಳಗೆ ನಿಜಕ್ಕೂ ಏನು ಮಾಡುತ್ತಾರೆ? ಕಿಡ್ನಿಗೆ ತೂತು ಹಾಕಿದರೆ ಅದು ಕೆಡುವುದಿಲ್ಲವೇ? (ಹಾಸನ)

ಉತ್ತರ: ಕಲ್ಲು ಒಡೆಯುವುದು ಈ ಶಸ್ತ್ರಚಿಕಿತ್ಸೆಯ ಸುಲಭದ ಭಾಗ. ಅಲ್ಲಿಗೆ ಸರಿಯಾದ ದಾರಿ ಮಾಡುವುದೇ ಕಷ್ಟ. ಎಡವಟ್ಟಾದರೆ ಬಹುಪಾಲು ಆಗುವುದು ಆ ಮೊದಲ ಕೆಲವು ನಿಮಿಷಗಳಲ್ಲಿ.

ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಡುತ್ತಾರೆ. ಮೊದಲು ಅಂಗಾತ ಮಲಗಿಸಿ, ಮೂತ್ರದ್ವಾರದ ಮೂಲಕ ಮೂತ್ರನಾಳಕ್ಕೆ 5 ಅಥವಾ 6 ಫ್ರೆಂಚ್ ದಪ್ಪದ ಕೊಳವೆ ಏರಿಸುತ್ತಾರೆ. (ಫ್ರೆಂಚ್ ಎಂಬುದು ಕೊಳವೆಯ ಅಳತೆ, 3 ಫ್ರೆಂಚ್ ಎಂದರೆ 1 ಮಿ.ಮೀ.) ಆಮೇಲೆ ರೋಗಿಯನ್ನು ಬೋರಲು ಮಲಗಿಸುತ್ತಾರೆ. ಅಂಗಾತವೇ ಇರಿಸಿ ಮಾಡುವವರೂ ಇದ್ದಾರೆ; ತೀರಾ ದಪ್ಪ ಮೈಯವರಿಗೆ, ಉಸಿರಿನ ತೊಂದರೆ ಇರುವವರಿಗೆ ಅದು ಅನುಕೂಲ. ಕೆಳಗಿನ ಕೊಳವೆಯಿಂದ ಬಣ್ಣದ ಔಷಧಿ ತುಂಬಿದಾಗ ಮೂತ್ರಪಿಂಡದ ಒಳಗಿನ ಬಟ್ಟಲುಗಳು ಎಕ್ಸ್‌ರೇ ಪರದೆಯ ಮೇಲೆ ಮೂಡುತ್ತವೆ.

ಈಗ ಸೂಜಿ. 18 ಗೇಜಿನ ಉದ್ದ ಸೂಜಿಯನ್ನು ಕೊನೆಯ ಪಕ್ಕೆಲುಬಿನ ಕೆಳಗಿಂದ, ಹೆಚ್ಚಾಗಿ ಕೆಳಭಾಗದ ಹಿಂಬದಿಯ ಬಟ್ಟಲಿನ ತುದಿಗೆ ಗುರಿಯಿಟ್ಟು ಚುಚ್ಚುತ್ತಾರೆ. ತುದಿಗೇ ಯಾಕೆ? ದೊಡ್ಡ ರಕ್ತನಾಳಗಳು ಬಟ್ಟಲಿನ ಕುತ್ತಿಗೆಯ ಸುತ್ತ ಹಾದುಹೋಗುತ್ತವೆ, ತುದಿಯಲ್ಲಿ ಸಣ್ಣವು ಮಾತ್ರ. ಮೂತ್ರಪಿಂಡದ ಹಿಂಬದಿಯ ಅಂಚಿನಲ್ಲಿ ಮುಂದಿನ ಮತ್ತು ಹಿಂದಿನ ರಕ್ತನಾಳಗಳ ಕೊನೆಗಳು ಸಂಧಿಸುವ, ಹೆಚ್ಚು ರಕ್ತವಿಲ್ಲದ ಒಂದು ಗೆರೆ ಇದೆ. ಸೂಜಿ ಆ ಗೆರೆಯಲ್ಲೇ ಹೋಗಬೇಕು. ಕುತ್ತಿಗೆಗೆ ಚುಚ್ಚಿದರೆ ರಕ್ತ ಧಾರೆಯಾಗಿ ಬರುತ್ತದೆ. ನೇರ ನಡುವಿನ ಚೀಲಕ್ಕೇ ಚುಚ್ಚಿದರೆ ರಂಧ್ರವನ್ನು ಹಿಡಿದು ಮುಚ್ಚಲು ಸುತ್ತ ಮಾಂಸವಿರುವುದಿಲ್ಲ, ಆಮೇಲೆ ಮೂತ್ರ ಸೋರುತ್ತಲೇ ಇರುತ್ತದೆ. ಸೂಜಿಯ ಒಳಕಡ್ಡಿ ತೆಗೆದಾಗ ತುದಿಯಿಂದ ತೊಟ್ಟು ತೊಟ್ಟು ಮೂತ್ರ ಬಂತೆಂದರೆ ಗುರಿ ಸಿಕ್ಕಿದೆ ಎಂದರ್ಥ. ಬಂದದ್ದು ಕೀವಾದರೆ ಅನುಭವಿ ವೈದ್ಯರು ಅಲ್ಲಿಗೇ ನಿಲ್ಲಿಸಿ, ಒಂದು ಕೊಳವೆ ಇಟ್ಟು, ಕಲ್ಲಿಗೆ ಕೈ ಹಾಕದೆ ಹೊರಬರುತ್ತಾರೆ. ‘ಆಪರೇಷನ್ ಅರ್ಧಕ್ಕೇ ಬಿಟ್ಟರು’ ಎಂದು ಮನೆಯವರು ಸಿಟ್ಟಾಗುವುದುಂಟು. ಆ ರೋಗಿಯ ಜೀವ ಉಳಿಸಿದ್ದೇ ಆ ನಿರ್ಧಾರ.

ಸೂಜಿಯೊಳಗಿಂದ ಮೆತ್ತನೆ ತುದಿಯ ತಂತಿ ಬಿಟ್ಟು, ಸಾಧ್ಯವಾದರೆ ಅದನ್ನು ಮೂತ್ರನಾಳದವರೆಗೂ ಇಳಿಸುತ್ತಾರೆ. ಈ ತಂತಿ ಕಳಚಿಬಂದರೆ ದಾರಿಯೇ ತಪ್ಪಿತು. ಹಾಗಾಗಿ ಎರಡನೆಯದನ್ನು ಕಾವಲಿಗೆ ಇಡುವುದು ರೂಢಿ. ತಂತಿಯ ಮೇಲೆ ಒಂದಕ್ಕಿಂತ ಒಂದು ದಪ್ಪದ ಕಡ್ಡಿಗಳನ್ನು ತೂರಿಸಿ ದಾರಿ ಹಿಗ್ಗಿಸಿ, ಕೊನೆಗೆ ಟೊಳ್ಳು ಕೊಳವೆ ಕೂರಿಸುತ್ತಾರೆ. ಸಾಮಾನ್ಯ ಪಿಸಿಎನ್‌ಎಲ್‌ನಲ್ಲಿ ಇದು 24ರಿಂದ 30 ಫ್ರೆಂಚ್, ಅಂದರೆ 8ರಿಂದ 10 ಮಿ.ಮೀ. ಅದರೊಳಗೆ ಕ್ಯಾಮೆರಾ ದುರ್ಬೀನು ಹೋಗುತ್ತದೆ. ಗಾಳಿಯ ಒತ್ತಡದಿಂದ ಕುಟ್ಟುವ ಸಲಾಕೆ, ಅಲ್ಟ್ರಾಸೌಂಡ್ ಸಲಾಕೆ ಅಥವಾ ಲೇಸರಿನಿಂದ ಕಲ್ಲು ಒಡೆದು, ಚೂರುಗಳನ್ನು ಚಿಮಟದಲ್ಲಿ ಹೆಕ್ಕುತ್ತಾರೆ. ಅಷ್ಟೂ ಹೊತ್ತು ಒಳಗೆ ಸಲೈನ್ ಹರಿಯುತ್ತಿರುತ್ತದೆ. ಅದು ಉಪ್ಪಿನಂಶವಿರುವ ಸಲೈನೇ ಆಗಬೇಕು. ಬರೀ ನೀರು ರಕ್ತಕ್ಕೆ ಸೇರಿದರೆ ರಕ್ತಕಣಗಳು ಒಡೆಯುತ್ತವೆ, ಸೋಡಿಯಂ ಕುಸಿಯುತ್ತದೆ. ಮೈ ಬಿಸಿಯಷ್ಟು ಬೆಚ್ಚಗೂ ಇರಬೇಕು, ಇಲ್ಲದಿದ್ದರೆ ರೋಗಿ ನಡುಗುತ್ತಲೇ ಎಚ್ಚರಗೊಳ್ಳುತ್ತಾರೆ.

ಕೊನೆಗೆ ಮೂತ್ರನಾಳದಲ್ಲಿ ಡಿಜೆ ಸ್ಟೆಂಟ್ (ಕಿಡ್ನಿಯಿಂದ ಮೂತ್ರಚೀಲದವರೆಗೆ ಇಡುವ, ಎರಡೂ ತುದಿ ಸುರುಳಿಯಾದ ಮೆತ್ತನೆಯ ಕೊಳವೆ), ಬೆನ್ನಿನ ರಂಧ್ರದಲ್ಲಿ ಒಂದೆರಡು ದಿನಕ್ಕೆ ಕೊಳವೆ. ರಕ್ತಸ್ರಾವ ಕಡಿಮೆ, ಚೂರು ಉಳಿದಿಲ್ಲ ಎಂದಾದರೆ ಬೆನ್ನಿನ ಕೊಳವೆ ಇಡದೆಯೂ ಮುಗಿಸುತ್ತಾರೆ. ಒಟ್ಟು ಒಂದರಿಂದ ಮೂರು ಗಂಟೆ. ಎರಡರಿಂದ ನಾಲ್ಕು ದಿನಕ್ಕೆ ಮನೆ. ಕೊಳವೆ ತೆಗೆದ ಮೇಲೆ ಗಾಯದಿಂದ ಮೂತ್ರ ಜಿನುಗಿ ಬ್ಯಾಂಡೇಜು ಒದ್ದೆಯಾದರೆ ಗಾಬರಿ ಬೇಡ, ಬಹುತೇಕ ಒಂದು ದಿನದಲ್ಲಿ ನಿಲ್ಲುತ್ತದೆ. ಎರಡು ದಿನ ದಾಟಿದರೆ ಮಾತ್ರ ಕೆಳಗೆ ಚೂರೋ ರಕ್ತದ ಗಡ್ಡೆಯೋ ಅಡ್ಡ ಕೂತಿದೆಯೇ ಎಂದು ನೋಡಬೇಕು.

ಕಿಡ್ನಿ ಕೆಡುವ ಮಾತು: ದಾರಿ ಸರಿಯಾಗಿದ್ದರೆ ಮಾಂಸ ಸೀಳುವುದಕ್ಕಿಂತ ಹೆಚ್ಚಾಗಿ ಪಕ್ಕಕ್ಕೆ ಸರಿಯುತ್ತದೆ. ಉಳಿಯುವ ಕಲೆ ಮೂತ್ರಪಿಂಡದ ತೀರಾ ಚಿಕ್ಕ ಭಾಗ. ಕಲ್ಲು ಹಾಗೇ ಇದ್ದರೆ ಆಗುವ ಹಾನಿ ಅದಕ್ಕಿಂತ ಎಷ್ಟೋ ದೊಡ್ಡದು. 1976ರಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರೋಮ್ ಮತ್ತು ಯೊಹಾನ್ಸನ್ ಈ ದಾರಿಯಿಂದ ಕಲ್ಲು ತೆಗೆದದ್ದನ್ನು ಪ್ರಕಟಿಸುವವರೆಗೆ ದೊಡ್ಡ ಕಲ್ಲಿಗೆ ಪಕ್ಕೆಯನ್ನೇ ಗೇಣುದ್ದ ಕೊಯ್ಯಬೇಕಿತ್ತು.

ಪ್ರಶ್ನೆ: ನನಗೆ 46 ವರ್ಷ, ಸಕ್ಕರೆ ಕಾಯಿಲೆ ಇದೆ. ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲಿ ಬಲ ಕಿಡ್ನಿ ತುಂಬ ‘ಜಿಂಕೆ ಕೊಂಬಿನ’ ಕಲ್ಲು ಕಂಡಿದೆ. ನೋವೇ ಇಲ್ಲ. ಆಪರೇಷನ್ ಮಾಡಿಸಲೇಬೇಕಾ? (ವಿಜಯಪುರ)

ಉತ್ತರ: ಮಾಡಿಸಬೇಕು. ನೋವು ಬರುವುದು ಮೂತ್ರದ ಹರಿವಿಗೆ ತಟ್ಟನೆ ತಡೆಯಾದಾಗ. 5 ಮಿ.ಮೀ. ಕಲ್ಲು ನಾಳದಲ್ಲಿ ಸಿಕ್ಕಿಕೊಂಡರೆ ಜನ ನೆಲಕ್ಕೆ ಬಿದ್ದು ಹೊರಳಾಡುತ್ತಾರೆ. ಬಟ್ಟಲುಗಳಿಗೆಲ್ಲ ಕವಲೊಡೆದು ಬೆಳೆದ ಕಲ್ಲು ಕೂತಲ್ಲೇ ಕೂತು ವರ್ಷಗಟ್ಟಲೆ ಸದ್ದು ಮಾಡದೆ ಇರುತ್ತದೆ. ಇಂಥ ಕಲ್ಲುಗಳಲ್ಲಿ ಹಲವು ಸೋಂಕಿನಿಂದಲೇ ಹುಟ್ಟಿದವು. ಪ್ರೋಟಿಯಸ್‌ನಂಥ ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಒಡೆದು ಮೂತ್ರವನ್ನು ಕ್ಷಾರಗೊಳಿಸುತ್ತವೆ, ಅದರಲ್ಲಿ ಸ್ಟ್ರೂವೈಟ್ ಎಂಬ ಖನಿಜ ಹರಳುಗಟ್ಟುತ್ತದೆ. ಬ್ಯಾಕ್ಟೀರಿಯಾ ಆ ಕಲ್ಲಿನೊಳಗೇ ಮನೆ ಮಾಡಿಕೊಂಡಿರುವುದರಿಂದ ಮಾತ್ರೆಗಳು ಅಲ್ಲಿಗೆ ತಲುಪುವುದಿಲ್ಲ. ಬಿಟ್ಟರೆ ಕಿಡ್ನಿ ಕ್ಷೀಣಿಸುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಸೋಂಕು ರಕ್ತಕ್ಕೇರುವ ಭಯ ಜಾಸ್ತಿ.

ಈ ಶಸ್ತ್ರಚಿಕಿತ್ಸೆಯಲ್ಲಿ ರಕ್ತಕ್ಕಿಂತ ಹೆಚ್ಚು ಅಂಜಬೇಕಾದದ್ದು ಸೋಂಕಿಗೆ. ಸಲೈನ್ ಹರಿಯುವಾಗ ಮೂತ್ರಪಿಂಡದೊಳಗಿನ ಒತ್ತಡ ಸುಮಾರು 30 ಮಿ.ಮೀ. ಪಾದರಸ ದಾಟಿದರೆ ಒಳಗಿನ ನೀರು, ಅದರ ಜೊತೆಗೆ ಬ್ಯಾಕ್ಟೀರಿಯಾ, ರಕ್ತನಾಳಗಳಿಗೆ ಹಿಮ್ಮುಖವಾಗಿ ನುಗ್ಗುತ್ತವೆ. ಆದ್ದರಿಂದ ಮೂತ್ರದ ಕಲ್ಚರ್ ಪರೀಕ್ಷೆ ಇಲ್ಲದೆ ದಿನಾಂಕ ಗೊತ್ತು ಮಾಡಬೇಡಿ. ಫಲಿತಾಂಶಕ್ಕೆ ಎರಡು ಮೂರು ದಿನ ಬೇಕು. ಬ್ಯಾಕ್ಟೀರಿಯಾ ಕಂಡರೆ ಅದಕ್ಕೆ ತಕ್ಕ ಔಷಧಿ ತೆಗೆದುಕೊಂಡ ಮೇಲೆಯೇ ಮುಂದಿನ ಮಾತು. ಮಾದರಿ ಕೊಡುವಾಗ ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಿರಿ, ಹೆಂಗಸರು ತೊಳೆದುಕೊಂಡು ಹಿಡಿಯಬೇಕು. ಕೈಗೆ ಸಿಕ್ಕ ಬಾಟಲಿಯಲ್ಲಿ ಹಿಡಿದು ಬಿಸಿಲಲ್ಲಿ ಎರಡು ಗಂಟೆ ಬಸ್ಸಲ್ಲಿ ಒಯ್ದ ಮಾದರಿಯಿಂದ ಸುಳ್ಳು ಫಲಿತಾಂಶವೇ ಬರುವುದು. ಕಲ್ಚರ್ ಶುದ್ಧವಿದ್ದರೂ ಕಲ್ಲಿನೊಳಗೆ ಬ್ಯಾಕ್ಟೀರಿಯಾ ಇರಬಹುದು. ಹೊರತೆಗೆದ ಚೂರೊಂದನ್ನೂ ಕಲ್ಚರಿಗೆ ಕಳಿಸುವಂತೆ ಕೇಳಿ.

ಒಂದೇ ಸಲಕ್ಕೆ ಪೂರ್ತಿ ತೆಗೆಯುತ್ತೇವೆ ಎಂಬ ಭರವಸೆಯನ್ನು ಯಾರಿಂದಲೂ ನಿರೀಕ್ಷಿಸಬೇಡಿ. ಎರಡು ದಾರಿ ಬೇಕಾಗಬಹುದು, ಕೆಲವು ದಿನ ಬಿಟ್ಟು ಮತ್ತೊಮ್ಮೆ ನೋಡಬೇಕಾಗಬಹುದು. ಶಸ್ತ್ರಚಿಕಿತ್ಸೆಗೆ ಮೊದಲು ರೀನೋಗ್ರಾಮ್ ಮಾಡಿಸಿ ಆ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಅದು ಹತ್ತು ಹದಿನೈದು ಶೇಕಡಕ್ಕೂ ಕೆಳಗಿಳಿದಿದ್ದರೆ ಕಲ್ಲು ತೆಗೆಯುವುದೋ ಆ ಕಿಡ್ನಿಯನ್ನೇ ತೆಗೆಯುವುದೋ ಎಂಬ ಪ್ರಶ್ನೆ ಏಳುತ್ತದೆ.

ಪ್ರಶ್ನೆ: ಜಾಹೀರಾತಿನಲ್ಲಿ ‘ಮಿನಿ’, ‘ಮೈಕ್ರೊ’ ಅಂತ ಬರುತ್ತದೆ. ರಂಧ್ರ ಚಿಕ್ಕದಾದಷ್ಟೂ ಒಳ್ಳೆಯದಲ್ಲವೇ? (ಹುಬ್ಬಳ್ಳಿ)

ಉತ್ತರ: ಅಷ್ಟು ಸರಳವಲ್ಲ. ಮಿನಿ ಎಂದರೆ ಸುಮಾರು 14ರಿಂದ 20 ಫ್ರೆಂಚ್ ಕೊಳವೆ. ರಕ್ತಸ್ರಾವ ಕಡಿಮೆ, ನೋವೂ ಕಡಿಮೆ. ಒಂದೂವರೆಯಿಂದ ಎರಡೂವರೆ ಸೆಂ.ಮೀ. ಕಲ್ಲಿಗೆ ನಮ್ಮ ಒಲವೂ ಮಿನಿಯ ಕಡೆಗೇ. ಆದರೆ ಕಿರಿದಾದ ಕೊಳವೆಯಲ್ಲಿ ಸಲೈನ್ ಹೊರಬರುವುದು ನಿಧಾನ, ಒಳಗೆ ಒತ್ತಡ ಏರುತ್ತದೆ; ಕಲ್ಲನ್ನು ಇನ್ನೂ ಸಣ್ಣಗೆ ಒಡೆಯಬೇಕು, ಹೊತ್ತು ಹೆಚ್ಚು ಹಿಡಿಯುತ್ತದೆ. ಸೋಂಕಿರುವ ಬೃಹತ್ ಕಲ್ಲಿಗೆ ಇದೇ ಮುಳುವಾಗುತ್ತದೆ. ಹೀರಿಕೊಳ್ಳುವ ವ್ಯವಸ್ಥೆಯಿರುವ ಕೊಳವೆಗಳು ಬಂದ ಮೇಲೆ ಈ ತೊಂದರೆ ತಗ್ಗಿದೆ. ಗುಜರಾತಿನ ನಡಿಯಾದ್‌ನ ತಂಡ 2011ರಲ್ಲಿ ಪ್ರಕಟಿಸಿದ ಮೈಕ್ರೊ ವಿಧಾನದ ಸೂಜಿ ಬರೀ 4.85 ಫ್ರೆಂಚ್, ಅಂದರೆ 1.6 ಮಿ.ಮೀ. ಅದರಲ್ಲಿ ಚೂರು ಹೊರತೆಗೆಯಲು ಜಾಗವೇ ಇಲ್ಲ, ಪುಡಿ ಮಾಡಿ ಮೂತ್ರದಲ್ಲಿ ಹೋಗಲು ಬಿಡಬೇಕು. ಚಿಕ್ಕ ಕಲ್ಲಿಗೆ ಸೊಗಸು, 3 ಸೆಂ.ಮೀ. ಕಲ್ಲಿಗೆ ಸಲ್ಲದು.

ಪ್ರಶ್ನೆ: ಅಣ್ಣನಿಗೆ ಪಿಸಿಎನ್‌ಎಲ್ ಆಗಿ ಹತ್ತು ದಿನ. ಮೂತ್ರ ತಿಳಿಯಾಗಿತ್ತು, ನಿನ್ನೆಯಿಂದ ಮತ್ತೆ ಕೆಂಪು. ಕಾಯಬಹುದೇ? (ಬಳ್ಳಾರಿ)

ಉತ್ತರ: ಈ ಪತ್ರಕ್ಕೆ ಫೋನಿನಲ್ಲೇ ಉತ್ತರಿಸಿದ್ದೇವೆ, ಇಲ್ಲಿ ಅಚ್ಚು ಮಾಡುತ್ತಿರುವುದು ಉಳಿದವರಿಗಾಗಿ. ಸ್ಟೆಂಟ್ ಇರುವಾಗ ಓಡಾಡಿದ ದಿನ ಮೂತ್ರ ತೆಳು ಗುಲಾಬಿಯಾಗುವುದು ಸಹಜ, ನೀರು ಕುಡಿದು ಮಲಗಿದರೆ ತಿಳಿಯಾಗುತ್ತದೆ. ಗಾಢ ಕೆಂಪು, ಗಡ್ಡೆಗಳು, ಮೂತ್ರ ಕಟ್ಟುವುದು, ತಲೆಸುತ್ತು, ಇವುಗಳಲ್ಲಿ ಒಂದಿದ್ದರೂ ಕಾಯಬಾರದು. ಗಾಯಗೊಂಡ ಸಣ್ಣ ಅಪಧಮನಿ ಗುಳ್ಳೆಯಂತೆ ಊದಿಕೊಂಡು ಒಂದೆರಡು ವಾರದ ನಂತರ, ಕೆಲವೊಮ್ಮೆ ಮೂರನೇ ವಾರದಲ್ಲೂ, ಒಡೆಯಬಹುದು. ನೂರರಲ್ಲಿ ಸರಿಸುಮಾರು ಒಬ್ಬರಿಗೆ ಹೀಗಾಗಿ ತೊಡೆಸಂದಿಯ ರಕ್ತನಾಳದಿಂದ ತೆಳು ಕೊಳವೆ ಕಳಿಸಿ ಆ ಜಾಗವನ್ನಷ್ಟೇ ಮುಚ್ಚಬೇಕಾಗುತ್ತದೆ. ಇದನ್ನು ಮಾಡುವವರು ಎಲ್ಲ ಊರಿನಲ್ಲೂ ಇಲ್ಲ. ಶಸ್ತ್ರಚಿಕಿತ್ಸೆಗೆ ಮೊದಲೇ ‘ರಾತ್ರಿ ರಕ್ತ ಬಂದರೆ ಎಲ್ಲಿಗೆ ಹೋಗಬೇಕು?’ ಎಂದು ಕೇಳಿಟ್ಟುಕೊಳ್ಳಿ. ಚಳಿ ನಡುಕದ ಜೊತೆ 101 ಡಿಗ್ರಿ ಜ್ವರ ಬಂದರೂ ಅಷ್ಟೇ ತುರ್ತು, ಮನೆಯಲ್ಲಿ ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಎನ್ನಬೇಡಿ. ಪಕ್ಕೆಲುಬಿನ ಮೇಲಿನಿಂದ ದಾರಿ ಮಾಡಿದ್ದರೆ ಎದೆಗೂಡಿನ ಪೊರೆಗೆ ತಾಗಿ ನೀರು ತುಂಬುವ ಸಾಧ್ಯತೆಯಿದೆ. ಉಸಿರೆಳೆದಾಗ ನೋವು, ಏದುಸಿರು ಅದರ ಸುಳಿವು.

ರಕ್ತ ತೆಳುವಾಗಿಸುವ ಮಾತ್ರೆಗಳ ವಿಷಯ. ಕ್ಲೋಪಿಡೊಗ್ರೆಲ್ ಸಾಮಾನ್ಯವಾಗಿ 5ರಿಂದ 7 ದಿನ ಮೊದಲೇ ನಿಲ್ಲಬೇಕು. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿಯೇ ನಿಲ್ಲಿಸಕೂಡದು. ಹೃದ್ರೋಗ ತಜ್ಞರು, ಕಿಡ್ನಿ ಸರ್ಜನ್ ಇಬ್ಬರೂ ಮಾತಾಡಿಕೊಂಡು ಬರೆದುಕೊಟ್ಟ ಮೇಲಷ್ಟೇ.

ಪ್ರಶ್ನೆ: ಡಿಜೆ ಸ್ಟೆಂಟ್ ಹಾಕಿದಾಗಿನಿಂದ ಗಳಿಗೆಗೊಮ್ಮೆ ಮೂತ್ರ, ಮಾಡುವಾಗ ಬೆನ್ನಿಗೆ ಚಳಕು. ಎಷ್ಟು ದಿನ ಸಹಿಸಬೇಕು? (ಮಂಡ್ಯ)

ಉತ್ತರ: ಸ್ಟೆಂಟಿನ ಕೆಳತುದಿ ಮೂತ್ರಚೀಲವನ್ನು ಕೆಣಕುವುದರಿಂದ ಅವಸರ, ಮೂತ್ರ ಮಾಡುವಾಗ ಅದು ಸ್ಟೆಂಟಿನೊಳಗೆ ಮೇಲಕ್ಕೆ ತಳ್ಳಲ್ಪಡುವುದರಿಂದ ಬೆನ್ನು ನೋವು. ಟ್ಯಾಮ್ಸುಲೋಸಿನ್‌ನಂಥ ಮಾತ್ರೆಯಿಂದ ಅನೇಕರಿಗೆ ಹಗುರಾಗುತ್ತದೆ, ವೈದ್ಯರನ್ನು ಕೇಳಿ. ಎರಡರಿಂದ ಆರು ವಾರದಲ್ಲಿ ತೆಗೆಯುತ್ತಾರೆ; ಜೆಲ್ ಹಾಕಿ ದುರ್ಬೀನಿನಲ್ಲಿ ಎಳೆದರೆ ಕೆಲವೇ ನಿಮಿಷದ ಕೆಲಸ. ನೋವು ಕಡಿಮೆಯಾಯಿತು, ಕೊಯ್ಲಿದೆ, ಮದುವೆಯಿದೆ ಎಂದು ಮರೆತವರ ಸ್ಟೆಂಟ್ ಮೇಲೆಯೇ ಕಲ್ಲು ಕಟ್ಟುತ್ತದೆ. ಮೂರು ತಿಂಗಳು ದಾಟಿದರೆ ಅಪಾಯ ಏರುತ್ತಾ ಹೋಗುತ್ತದೆ. ವರ್ಷ ಕಳೆದದ್ದನ್ನು ತೆಗೆಯಲು ಮೊದಲಿಗಿಂತ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದೀತು. ಡಿಸ್ಚಾರ್ಜ್ ಚೀಟಿಯಲ್ಲಿ ಸ್ಟೆಂಟ್ ತೆಗೆಯುವ ದಿನಾಂಕ ಇದೆಯೇ ನೋಡಿ, ಇಲ್ಲದಿದ್ದರೆ ಬರೆಸಿಕೊಂಡೇ ಹೊರಡಿ.

ಪ್ರಶ್ನೆ: ದುಬೈನಲ್ಲಿ ಕೆಲಸ. ರಜೆಗೆ ಬಂದಾಗ ಊರಲ್ಲೇ ಮಾಡಿಸಿಕೊಂಡು ಎರಡು ವಾರಕ್ಕೆ ವಾಪಸ್ ಹೋಗಬಹುದೇ? (ಉಡುಪಿ)

ಉತ್ತರ: ನಾವು ಬೇಡ ಎನ್ನುತ್ತೇವೆ. ತಡವಾಗಿ ರಕ್ತ ಬರುವ ಅವಧಿ ಅಷ್ಟರಲ್ಲಿ ಮುಗಿದಿರುವುದಿಲ್ಲ, ಸ್ಟೆಂಟ್ ಒಳಗೇ ಇರಬಹುದು, ಉಳಿದ ಚೂರುಗಳ ಸ್ಕ್ಯಾನ್ ಆಗಿರುವುದಿಲ್ಲ. ಐದಾರು ವಾರದ ರಜೆಯಿದ್ದರೆ ಮಾಡಿಸಿ, ಸ್ಟೆಂಟ್ ತೆಗೆಸಿಕೊಂಡೇ ಹೊರಡಿ. ಭಾರ ಎತ್ತುವ ಕೆಲಸವಾದರೆ ಒಂದು ತಿಂಗಳು ಬೇಡ. ಬಿಸಿಲಲ್ಲಿ ದುಡಿಯುವವರು ಇಷ್ಟು ಲೀಟರ್ ಕುಡಿದೆ ಎಂದು ಎಣಿಸುವುದಕ್ಕಿಂತ ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುತ್ತಿದೆಯೇ ನೋಡಬೇಕು. ಬೆವರಿನಲ್ಲಿ ಹೋದದ್ದು ಕಿಡ್ನಿಗೆ ದಕ್ಕುವುದಿಲ್ಲ.

ಪ್ರಶ್ನೆ: ಬಾಳೆದಿಂಡಿನ ರಸ, ಹುರುಳಿ ಕಟ್ಟು ಕುಡಿದರೆ ದೊಡ್ಡ ಕಲ್ಲೂ ಕರಗುತ್ತದಂತೆ. ರಾಗಿ, ಟೊಮೆಟೊ ಬಿಡಬೇಕಂತೆ. ನಿಜವೇ? (ತುಮಕೂರು)

ಉತ್ತರ: ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು 2 ಸೆಂ.ಮೀ. ಆದ ಮೇಲೆ ಯಾವ ರಸಕ್ಕೂ ಕರಗುವುದಿಲ್ಲ. ‘ಕುಡಿದೆ, ಕಲ್ಲು ಬಿತ್ತು’ ಎನ್ನುವವರಲ್ಲಿ ಬಹುಪಾಲು ಕಲ್ಲು 4–5 ಮಿ.ಮೀ.; ಅದು ಹೇಗೂ ತಾನಾಗಿ ಬೀಳುವಂಥದ್ದು. ಔಷಧಿಯಿಂದ ಚೆನ್ನಾಗಿ ಕರಗುವ ಕಲ್ಲು ಒಂದಿದೆ, ಯೂರಿಕ್ ಆಮ್ಲದ್ದು. ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟು ಮೂತ್ರದ ಪಿಎಚ್ ಅನ್ನು 6.5ರಿಂದ 7ರ ನಡುವೆ ಇರಿಸಿದರೆ ದೊಡ್ಡದೂ ಕೆಲವು ತಿಂಗಳಲ್ಲಿ ಕರಗಬಹುದು. ಎಕ್ಸ್‌ರೇಯಲ್ಲಿ ಕಾಣದೆ ಸಿಟಿಯಲ್ಲಿ ಮಾತ್ರ ಕಂಡ, ಎಚ್‌ಯು ಕಡಿಮೆ ಇರುವ ಕಲ್ಲಾದರೆ ಚುಚ್ಚಿಸಿಕೊಳ್ಳುವ ಮೊದಲು ಈ ಪ್ರಶ್ನೆ ಕೇಳಲೇಬೇಕು.

ಹುರುಳಿ ಕಟ್ಟು ಕುಡಿಯಿರಿ, ಉಪ್ಪು ಕಡಿಮೆ ಹಾಕಿ; ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು. ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ ಎಲ್ಲ ಅದರಲ್ಲೇ. ಬೆಚ್ಚಿಬೀಳಿಸುವ ಮದ್ದೊಂದು ಕರಾವಳಿಯಲ್ಲಿದೆ: ಬಿಂಬುಳಿ ಎಂಬ ಹುಳಿಕಾಯಿಯ ಗಟ್ಟಿ ರಸ. ಅದರಲ್ಲಿ ಆಕ್ಸಲೇಟ್ ವಿಪರೀತ. ಕುಡಿದು ಕಿಡ್ನಿ ಕೆಲಸ ನಿಲ್ಲಿಸಿದವರ ವರದಿಗಳು ಕೇರಳದಿಂದ ಬಂದಿವೆ. ಸಾರಿಗೆ ಒಂದೆರಡು ಕಾಯಿ ಹಾಕುವುದು ಬೇರೆ, ಲೋಟಗಟ್ಟಲೆ ರಸ ಬೇರೆ.

ಟೊಮೆಟೊ ಬೀಜ ಕಿಡ್ನಿಗೆ ಹೋಗಿ ಕಲ್ಲಾಗುವುದಿಲ್ಲ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 340 ಮಿ.ಗ್ರಾಂ ಕ್ಯಾಲ್ಸಿಯಂ ಇದೆ ಎಂದು ಹೆದರಿ ಮುದ್ದೆ ಬಿಡುವವರಿದ್ದಾರೆ. ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಸಾಗಿಸುತ್ತದೆ, ಅದನ್ನು ಕಡಿಮೆ ಮಾಡಿದರೆ ಕಲ್ಲು ಹೆಚ್ಚಾದೀತು. ಮುದ್ದೆಯ ಜೊತೆ ಮಜ್ಜಿಗೆ ಇರಲಿ. ಮಿತಿಯಲ್ಲಿಡಬೇಕಾದದ್ದು ಪಾಲಕ್, ಬೀಟ್‌ರೂಟ್, ಗೋಡಂಬಿ–ಬಾದಾಮಿ, ಕಡುಚಹಾ ಮತ್ತು ಮಾಂಸ. ನಿಂಬೆ ಪಾನಕ ಒಳ್ಳೆಯದು, ಉಪ್ಪು ಹಾಕದೆ.

ಇಷ್ಟೆಲ್ಲ ಸಾಮಾನ್ಯ ಸಲಹೆ. ನಿಮ್ಮ ಪಥ್ಯ ಯಾವುದೆಂದು ಹೇಳುವುದು ನಿಮ್ಮ ಕಲ್ಲೇ. ಒಮ್ಮೆ ಕಲ್ಲಾದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹತ್ತು ವರ್ಷದೊಳಗೆ ಮತ್ತೆ ಆಗುತ್ತದೆ. ಆದ್ದರಿಂದ ಆಪರೇಷನ್ನಿನಲ್ಲಿ ತೆಗೆದ ಚೂರುಗಳನ್ನು ಡಬ್ಬಿಯಲ್ಲಿ ಹಾಕಿ ಮನೆಗೆ ತಂದು ನೆಂಟರಿಗೆ ತೋರಿಸುವ ಬದಲು ಪ್ರಯೋಗಾಲಯಕ್ಕೆ ಕೊಟ್ಟು ಯಾವ ಖನಿಜ ಎಂದು ಬರೆಸಿಕೊಳ್ಳಿ. ಚಿಕ್ಕ ವಯಸ್ಸಿನಲ್ಲೇ ಕಲ್ಲಾದವರು, ಎರಡೂ ಕಡೆ ಕಲ್ಲಿರುವವರು, ಪದೇ ಪದೇ ಆಗುವವರು ಇದರ ಜೊತೆಗೆ ರಕ್ತದ ಕ್ಯಾಲ್ಸಿಯಂ, ಯೂರಿಕ್ ಆಮ್ಲ, ಪ್ಯಾರಾಥೈರಾಯ್ಡ್ ಹಾರ್ಮೋನು ಹಾಗೂ 24 ಗಂಟೆಯ ಮೂತ್ರದ ಪರೀಕ್ಷೆ ಮಾಡಿಸಬೇಕು. 24 ಗಂಟೆಯದ್ದನ್ನು ಶಸ್ತ್ರಚಿಕಿತ್ಸೆಯ ಗಾಯ ಮಾಗಿ, ಸ್ಟೆಂಟ್ ತೆಗೆದು, ಎಂದಿನ ಊಟ ಉಣ್ಣುತ್ತಿರುವಾಗ ಸಂಗ್ರಹಿಸಿ.